ಗುಂಡಿಗೆ ಸುರಿದ ಟೊಮೇಟೊ

ನಾನು ಮದುವೆಯಾಗಿ ಬಂದ ಮನೆ ಕೆಂಗೇರಿಗೆ ಸ್ವಲ್ಪ ಈಚೆ, ಮೈಸೂರು ರಸ್ತೆ ಬಿಟ್ಟು ಒಳಗೆ ನಡೆದರೆ ಸಿಗುತ್ತಿತ್ತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮನೆಯಲ್ಲಿ ನಾವು ಮೂರೇ ಜನ. ನಾನು, ನನ್ನ ಗಂಡ, ಮತ್ತು ನನ್ನ ಓರಗಿತ್ತಿ. ನನ್ನ ಗಂಡನ ಅಣ್ಣ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅವರ ಹೆಂಡತಿ ತವರಿಗೆ ಹೋಗದೆ ಇಲ್ಲೇ ಉಳಿದಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಮನೆಯ ಹಿಂದೆ ಒಂದು ಎಕರೆಗೂ ಕಡಿಮೆ ಹೊಲ. ಅದರ ಯಜಮಾನಿಕೆಯೆಲ್ಲ ಅಕ್ಕನದೇ. ನನ್ನ ಗಂಡ ಮಾಗಡಿ ರೋಡಿನ ಕಡೆ ಒಂದು ಬಟ್ಟೆ ಮಿಲ್ಲಿನಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದರು. ಮಿಲ್ಲಿನಿಂದ ಬಂದರೆ ಹೊಲ, ಹೊಲದಿಂದ ಎದ್ದರೆ ಮಿಲ್ಲು. ಆ ಮನುಷ್ಯ ಕಾಲು ಚಾಚಿ ಕೂತದ್ದನ್ನು ನಾನು ನೋಡಿದ್ದೇ ಕಡಿಮೆ.

ಆ ಹೊಲದಲ್ಲಿ ಮೊದಲು ರಾಗಿ, ಅವರೆ ಬೆಳೆಯುತ್ತಿದ್ದರಂತೆ. ಟೊಮೇಟೊ ಹಾಕೋಣ ಎಂದವರು ಅಕ್ಕ. ವಿಜಯನಗರದಲ್ಲಿ ಸೈಟುಗಳೆಲ್ಲ ಮನೆಗಳಾಗುತ್ತಿದ್ದ ಕಾಲ ಅದು. ರಾಜಾಜಿನಗರದಲ್ಲಂತೂ ಆಗಲೇ ಜನ ತುಂಬಿದ್ದರು. "ಅಷ್ಟೊಂದು ಮನೆಯವ್ರು ದಿನಾ ಸಾರು ಮಾಡ್ಬೇಕಲ್ಲಾ, ಹಣ್ಣೆಲ್ಲಿಂದ ಬರ್ತದೆ? ನಾವೇ ಬೆಳೆಯಾಣ" ಎಂದು ಅಕ್ಕ ಹೇಳಿದಾಗ ಅದು ಸರಿಯಾದ ಮಾತಾಗಿಯೇ ಕೇಳಿಸಿತು. ಈಗ ಯೋಚಿಸಿದರೂ ಆ ಮಾತಿನಲ್ಲಿ ತಪ್ಪು ಕಾಣುವುದಿಲ್ಲ.

ನೀರು ಪಕ್ಕದ ತೋಟದವರ ಪಂಪ್‌ಸೆಟ್ಟಿನಿಂದ. ಅದಕ್ಕೆ ಬದಲಾಗಿ ನಾನೂ ಅಕ್ಕನೂ ಅವರ ತೋಟದಲ್ಲಿ ಕಳೆ ಕಿತ್ತು ಕೊಡಬೇಕು. ಅಂದರೆ ನಮ್ಮ ಕಳೆ ಕಿತ್ತು, ಅವರ ಕಳೆ ಕಿತ್ತು, ಆಮೇಲೆ ಕರೆಂಟು ಬಂದ ಹೊತ್ತಿಗೆ ಓಡಿಹೋಗಿ ಸಾಲು ಸಾಲಿಗೂ ನೀರು ತಿರುಗಿಸಬೇಕು. ಮೊದಲ ಬೆಳೆಗೆ ಇದ್ಯಾವುದೂ ಭಾರ ಎನಿಸಲಿಲ್ಲ. ಗಿಡ ಚೆನ್ನಾಗಿ ಹಬ್ಬಿತು. ಹಣ್ಣು ಹುಳಿ ಹುಳಿಯಾಗಿ, ಏಣು ಏಣಾಗಿ, ನಾಟಿ ಟೊಮೇಟೊ ಇರಬೇಕಾದ ಹಾಗೇ ಬಂತು. ಬೆಳಗಿನ ಬಸ್ಸಿನ ಮೇಲೆ ಬಿದಿರಿನ ಮಂಕರಿ ಏರಿಸಿಕೊಂಡು ಅಕ್ಕ ಸಿಟಿ ಮಾರ್ಕೆಟ್ಟಿಗೆ ಹೋದರೆ ಮಧ್ಯಾಹ್ನಕ್ಕೆ ಖಾಲಿ ಮಂಕರಿ ತರುತ್ತಿದ್ದರು. ಆ ಸಲ ಮನೆಯ ಸೂರಿಗೆ ಹೊಸ ಹೆಂಚು ಬಂತು. ನನಗೊಂದು ಸೀಮೆಎಣ್ಣೆ ಸ್ಟೋವ್ ಬಂತು. ಹೊಗೆಯಿಲ್ಲದೆ ಕಾಫಿ ಕಾಯಿಸಿದ ಮೊದಲ ದಿನ ಅಕ್ಕ ಒಲೆಯ ಮುಂದೆ ಕೂತು, "ನೋಡು, ಟಮಾಟೆ ಹಣ್ಣು ಉರೀತಾ ಐತೆ" ಎಂದು ನಕ್ಕಿದ್ದರು.

ಮಾರನೆಯ ವರ್ಷ ಬೇಸಿಗೆ ಬೆಳೆ ಹಾಕಿದೆವು. ಬೇಸಿಗೆಯ ಕೊನೆಯಲ್ಲಿ ಹಣ್ಣಿಗೆ ಬೆಲೆ ಏರುತ್ತದೆ ಎಂದು ಮಾರ್ಕೆಟ್ಟಿನಲ್ಲಿ ಅಕ್ಕ ಕೇಳಿಕೊಂಡು ಬಂದಿದ್ದರು. ಬೆಲೆಯಂತೆಯೇ ಹುಳುವೂ ಏರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಕಾಯಿ ನಿಂಬೆಗಾತ್ರ ಆಗುತ್ತಿದ್ದ ಹಾಗೆ ತೊಟ್ಟಿನ ಹತ್ತಿರ ಸಣ್ಣ ತೂತು ಕಾಣಿಸಿತು. ಕಾಯಿ ಬಿಡಿಸಿದರೆ ಒಳಗೆ ಹಸಿರು ಹುಳು, ಬೆನ್ನ ಮೇಲೆ ಗೆರೆ. ಅದು ಒಂದು ಕಾಯಿಯನ್ನು ಪೂರ್ತಿ ತಿಂದು ಮುಗಿಸಿದ್ದರೂ ನಾವು ಸಹಿಸಿಕೊಳ್ಳಬಹುದಿತ್ತೇನೋ. ಅದು ಇಲ್ಲಿ ಅರ್ಧ ಕೊರೆದು, ಅಲ್ಲಿ ಅರ್ಧ ಕೊರೆದು, ತಲೆ ಮಾತ್ರ ಒಳಗಿಟ್ಟು ಅರ್ಧ ಮೈ ಹೊರಗೆ ಬಿಟ್ಟುಕೊಂಡು ತಿನ್ನುತ್ತಿತ್ತು. ತೂತು ಬಿದ್ದ ಕಾಯಿಯೊಳಗೆ ನೀರಿಳಿದು ಕೊಳೆತು ಹುಳಿ ವಾಸನೆ ಹೊಡೆಯುತ್ತಿತ್ತು. ಹೊಲಕ್ಕೆ ಕಾಲಿಡುವ ಮುಂಚೆಯೇ ಆ ವಾಸನೆ ನಮ್ಮನ್ನು ಎದುರುಗೊಳ್ಳುತ್ತಿತ್ತು.

ಮೊದಲು ಹುಳುವಿಗೆ ಹಾಕುವ ಪುಡಿ ತಂದೆವು. ಹಳೇ ಪಂಚೆಯ ತುಂಡಿನಲ್ಲಿ ಅದನ್ನು ಗಂಟು ಕಟ್ಟಿ, ಇಬ್ಬನಿ ಆರುವ ಮುಂಚೆ ಗಿಡದ ಮೇಲೆ ಕುಟ್ಟುತ್ತಾ ಹೋಗುವುದು. ಎಲೆಯೆಲ್ಲ ಬೂದಿ ಬಳಿದಂತಾಯಿತು. ನಮ್ಮ ಕೂದಲು, ಮೂಗು, ಕುಪ್ಪಸ ಎಲ್ಲವೂ ಅದೇ ಬಣ್ಣ. ಹುಳು ಕಾಯಿಯ ಒಳಗೆ ಬೆಚ್ಚಗಿತ್ತು. ಪುಡಿ ಹೊರಗೆ ಉಳಿಯಿತು. ಆಮೇಲೆ ನನ್ನ ಗಂಡ ಮಾರ್ಕೆಟ್ಟಿನ ಅಂಗಡಿಯೊಂದರಿಂದ ಬಾಟಲಿಯಲ್ಲಿ ಔಷಧಿ ತಂದರು. ಪಕ್ಕದ ತೋಟದವರ ಹತ್ತಿರ ಬೆನ್ನಿಗೆ ಕಟ್ಟಿಕೊಳ್ಳುವ ಪಂಪು ಕೇಳಿ ತಂದರು. ಬಾಟಲಿಯೊಳಗೆ ಕಂದು ಎಣ್ಣೆಯಂತಿದ್ದದ್ದು ನೀರಿಗೆ ಬಿದ್ದ ತಕ್ಷಣ ಹಾಲಿನಂತೆ ಬೆಳ್ಳಗಾಯಿತು. ನನಗೆ ಅದನ್ನು ನೋಡುವುದಕ್ಕೇ ಒಂದು ಥರಾ ಆಯಿತು.

"ಎಷ್ಟು ಹಾಕ್ಬೇಕು ಅಂತ ಕೇಳಿದ್ರಾ?" ಎಂದೆ.

"ಒಂದು ಮುಚ್ಚಳ ಅಂದ. ಹುಳ ಜಾಸ್ತಿ ಇದ್ರೆ ಎರಡು ಹಾಕಿ ಅಂದ" ಎಂದರು ನನ್ನ ಗಂಡ.

"ಜಾಸ್ತಿ ಅಂದ್ರೆ ಎಷ್ಟು?"

"ನಮ್ಮಷ್ಟು ಅಂತ ಇಟ್ಕೋ" ಎಂದು ಅಕ್ಕ ಹೇಳಿದರು. ಎರಡು ಮುಚ್ಚಳ ಬಿತ್ತು.

ಮೊದಲ ಸಲ ಹೊಡೆದಾಗ ಹುಳುಗಳು ನಿಜಕ್ಕೂ ಸತ್ತು ಬಿದ್ದವು. ನಮಗೆ ಸಂತೋಷವಾಯಿತು. ಸ್ವಲ್ಪ ದಿನಕ್ಕೆ ಮತ್ತೆ ಬಂದವು. ನನ್ನ ಗಂಡ ಮತ್ತೆ ಹೊಡೆದರು. ಹೀಗೆ ಬೇಸಿಗೆಯೆಲ್ಲ ಆ ಪಂಪು ನಮ್ಮ ಮನೆಯ ಜಗಲಿಯ ಮೇಲೇ ಇತ್ತು. ಹೊಡೆದ ದಿನ ನನ್ನ ಗಂಡ ತಲೆ ನೋವು ಎಂದು ಊಟ ಬಿಡುತ್ತಿದ್ದರು. ಬಿಸಿಲಿನ ದೆಸೆಯಿಂದ ಎಂದುಕೊಂಡು ನಾನು ಮಜ್ಜಿಗೆ ಕೊಡುತ್ತಿದ್ದೆ.

ಮೇ ತಿಂಗಳಲ್ಲಿ ಒಂದು ದಿನ ಅವರು ರಾತ್ರಿ ಪಾಳಿ ಮುಗಿಸಿ ಬಂದವರು ಮಲಗದೇ ಹೊಲಕ್ಕೆ ಇಳಿದರು. ಹಣ್ಣು ಕೆಂಪಾಗುತ್ತಿತ್ತು. ಮಾರ್ಕೆಟ್ಟಿನಲ್ಲಿ ಬೆಲೆ ದಿನದಿಂದ ದಿನಕ್ಕೆ ಮೇಲೇರುತ್ತಿತ್ತು. ಇನ್ನೊಂದು ಸಲ ಹೊಡೆದರೆ ಇರುವುದನ್ನಾದರೂ ಉಳಿಸಿಕೊಳ್ಳಬಹುದು ಎಂಬುದು ಅವರ ಲೆಕ್ಕ. ಬಿಸಿಲು ನೆತ್ತಿಗೆ ಬಂದಿತ್ತು. ಗಾಳಿಯೂ ಎದ್ದಿತ್ತು. ಪಂಪಿನ ಮುಚ್ಚಳ ಸಡಿಲವಾಗಿ ಬೆನ್ನ ಮೇಲೆ ಔಷಧಿ ಸೋರಿ ಅಂಗಿ ಒದ್ದೆಯಾಗಿದ್ದನ್ನು ಅವರು ಬೆವರು ಎಂದುಕೊಂಡರಂತೆ. ನಾನು ಊಟಕ್ಕೆ ಕರೆಯಲು ಹೋದಾಗ ಬದುವಿನ ಮೇಲೆ ಕೂತಿದ್ದರು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ತೊಡೆಯ ಮಾಂಸ ತಾನೇ ತಾನಾಗಿ ಅದುರುತ್ತಿತ್ತು.

"ಏನೂ ಕಾಣಿಸ್ತಾ ಇಲ್ಲ ಕಣೇ, ಎಲ್ಲಾ ಮಂಜು ಮಂಜು" ಎಂದರು.

ನಾನು ಕೂಗಿದ್ದಕ್ಕೆ ಅಕ್ಕ ಓಡಿಬಂದರು. ಅವರಿಗೆ ಏನು ಹೊಳೆಯಿತೋ, ಮೊದಲು ಅಂಗಿ ಕಿತ್ತೆಸೆದು, ಕಾಲುವೆಯಲ್ಲಿ ನಿಂತಿದ್ದ ನೀರನ್ನು ಬೊಗಸೆ ಬೊಗಸೆಯಾಗಿ ಬೆನ್ನಿಗೆ ಎರಚಿದರು. ಪಕ್ಕದ ತೋಟದವರ ಆಳುಗಳು ರಸ್ತೆಯವರೆಗೆ ಹೊತ್ತು ತಂದರು. ಇಟ್ಟಿಗೆ ಖಾಲಿ ಮಾಡಿ ಪೇಟೆಗೆ ವಾಪಸು ಹೋಗುತ್ತಿದ್ದ ಲಾರಿಯೊಂದಕ್ಕೆ ಕೈ ಅಡ್ಡ ಹಾಕಿದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ನನ್ನ ಸೀರೆಯೆಲ್ಲ ಆ ವಾಸನೆ.

ದೊಡ್ಡಾಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು. ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, "ಕುಡಿದ್ರಾ?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಬೇಕೆಂದೇ ವಿಷ ಕುಡಿದರೇ ಎನ್ನುತ್ತಿದ್ದಾರೆ ಎಂದು ಆಮೇಲೆ ಹೊಳೆದು, "ಇಲ್ಲ ಸ್ವಾಮಿ, ಟಮಾಟೆಗೆ ಹೊಡೀತಾ ಇದ್ರು" ಎಂದು ಅಳುತ್ತಾ ಹೇಳಿದೆ. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಸಂಜೆಯ ಹೊತ್ತಿಗೆ ಜೊಲ್ಲು ನಿಂತು, ಬಾಯಿ ಒಣಗಿ, ಮುಖ ಕೆಂಪಗಾಗಿ, ನನ್ನ ಗಂಡ ಏನೇನೋ ಬಡಬಡಿಸತೊಡಗಿದರು. ಮಿಲ್ಲಿನಲ್ಲಿದ್ದೇನೆ ಎಂದುಕೊಂಡು ಗಾಳಿಯಲ್ಲಿ ದಾರ ಕಟ್ಟುತ್ತಿದ್ದರು. ಅದು ಇಂಜೆಕ್ಷನ್ ಹಿಡಿದಿರುವ ಗುರುತು, ಹೆದರಬೇಡಿ ಎಂದರು ಡಾಕ್ಟರು. ಮಾರನೆಯ ಬೆಳಗ್ಗೆ ನನ್ನನ್ನು ಗುರುತು ಹಿಡಿದು, "ಪಂಪು ವಾಪಸ್ ಕೊಟ್ರಾ?" ಎಂದು ಕೇಳಿದರು. ಆಗ ನನಗೆ ಜೀವ ಬಂತು.

ಡಾಕ್ಟರು ಹೊರಡುವ ಮುಂಚೆ ನನ್ನನ್ನು ಕರೆದು, "ಆ ಹೊಲದ ಹಣ್ಣನ್ನ ಸದ್ಯಕ್ಕೆ ಯಾರೂ ತಿನ್ಬೇಡಿ ಅಮ್ಮಾ. ಇನ್ನೂ ಸ್ವಲ್ಪ ದಿನ ಬಿಟ್ಬಿಡಿ" ಎಂದರು.

ಬದಲು ಬಟ್ಟೆ ತರಲು ಆ ಮಧ್ಯಾಹ್ನವೇ ನಾನು ಮನೆಗೆ ಹೋದೆ. ಹುಣಸೆ ಮರದ ಕೆಳಗೆ ಮಂಕರಿಗಳು ಸಾಲಾಗಿದ್ದವು. ಎಲ್ಲದರ ತುಂಬ ಹಣ್ಣು. ಅಕ್ಕ ಒಬ್ಬರೇ ಕಿತ್ತು, ಒರೆಸಿ, ಜೋಡಿಸಿದ್ದರು. ಅವರ ಬೆರಳುಗಳು ಗಿಡದ ಕರೆ ಹತ್ತಿ ಕಪ್ಪಾಗಿದ್ದವು.

"ಹೆಂಗವ್ನೆ?" ಎಂದರು. ಹೇಳಿದೆ. ಸೆರಗಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ ಹಣ್ಣಿನ ವಿಷಯ ಡಾಕ್ಟರು ಹೇಳಿದ್ದನ್ನೂ ಹೇಳಿದೆ.

ಅಕ್ಕ ತಲೆ ಎತ್ತಿದರು. "ಎಲ್ರೂ ಹೊಡೀತಾರೆ. ಎಲ್ರೂ ಮಾರ್ತಾರೆ. ಹೊಡ್ದು ನಾಕು ದಿನ ಕಾದು ಯಾವನು ಕೀಳ್ತಾನೆ ತೋರ್ಸು ನಂಗೆ."

"ಗೊತ್ತು ಅಕ್ಕ."

"ಈ ಬೆಲೆ ಇನ್ನೊಂದು ವಾರ ಇರಲ್ಲ. ಅವ್ನು ಅಲ್ಲಿ ಮಲಗವ್ನೆ. ಮಿಲ್ಲಿಗೆ ಹೋಗೋದು ಯಾವಾಗ್ಲೋ. ನೀರಲ್ಲಿ ಚೆನ್ನಾಗಿ ತೊಳೆದು ಹಾಕಿದ್ರೆ ಏನಾಗ್ತದೆ?"

ಸಣ್ಣ ಮಾತಿಗೂ ಅಳು ಬರುವಷ್ಟು ದಣಿದಿದ್ದೆ. "ನೀವು ಹೇಗೆ ಹೇಳಿದ್ರೆ ಹಾಗೆ" ಎಂದು ಒಳಗೆ ಹೋಗಿ ಬಟ್ಟೆ ಗಂಟು ಕಟ್ಟತೊಡಗಿದೆ. ಆಸ್ಪತ್ರೆಗೆ ಊಟ ಕಟ್ಟಿಕೊಡುತ್ತೇನೆಂದು ಅಕ್ಕ ಸಾರಿಗೆ ಇಟ್ಟರು. ಬೇಳೆ ಬೆಂದಿತು. ಅವರು ಎದ್ದು ಹೊರಗೆ ಹೋಗಿ ಮಂಕರಿಯಿಂದ ಒಂದೆರಡು ಹಣ್ಣು ತಂದು ತೊಳೆದರು. ಮತ್ತೆ ತೊಳೆದರು. ಮೂಸಿ ನೋಡಿದರು. ಈಳಿಗೆಮಣೆಯ ಮುಂದೆ ಕೂತು, ಹಣ್ಣನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನಾನು ಬಾಗಿಲಿನಿಂದ ನೋಡುತ್ತಿದ್ದೆ. ಅವರು ಹಣ್ಣನ್ನು ಪಕ್ಕಕ್ಕಿಟ್ಟು, ಮಡಕೆಗೆ ಕೈ ಹಾಕಿ ಹುಣಸೆಹಣ್ಣು ತೆಗೆದು ನೆನೆಹಾಕಿದರು.

ಡಬ್ಬಿಗೆ ಸಾರು ತುಂಬಿ ಮುಚ್ಚಳ ಹಾಕುವಾಗ ನನ್ನ ಮುಖ ನೋಡದೆಯೇ ಹೇಳಿದರು: "ನಾಳೆ ನಾನು ಮಾರ್ಕೆಟ್ ಬಸ್ಸಿಗೆ ಹೋಗಲ್ಲ ಕಣೇ."

ನಾನು ಆಸ್ಪತ್ರೆಗೆ ಹೊರಡುವ ಮುಂಚೆ ಮಂಕರಿಗಳನ್ನು ಹಿತ್ತಲಿನ ಗೊಬ್ಬರದ ಗುಂಡಿಗೆ ನಾವಿಬ್ಬರೂ ಸೇರಿ ಸುರಿದೆವು. ಒಂದು ಮಂಕರಿ ಎತ್ತುವಾಗ ಅಕ್ಕ ಸೊಂಟ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದರು. ಅಷ್ಟು ಕೆಂಪು ಹಣ್ಣನ್ನು ಒಟ್ಟಿಗೆ ಅವರು ಮಾರ್ಕೆಟ್ಟಿನಲ್ಲೂ ಇಳಿಸಿರಲಿಲ್ಲವೇನೋ. ಮೇಲೆ ಮಣ್ಣೆಳೆದು ಮುಚ್ಚಿದೆವು, ದನ ಬಾಯಿ ಹಾಕಬಾರದೆಂದು.

ಆ ವಾರ ಬೆಲೆ ಇನ್ನೂ ಏರಿತು. ಪಕ್ಕದ ತೋಟದವರು ಗಾಡಿಯಲ್ಲಿ ಸಾಗಿಸಿದರು. ನಾವು ಕಾದೆವು. ಡಾಕ್ಟರು ಹೇಳಿದ ದಿನಗಳು ಕಳೆಯುವಷ್ಟರಲ್ಲಿ ಮುಂಗಾರಿಗೆ ಮುಂಚಿನ ಮಳೆ ಸುರಿದು ಗಿಡದಲ್ಲಿ ಉಳಿದಿದ್ದ ಹಣ್ಣೆಲ್ಲ ಬಿರಿಯಿತು. ಉಳಿದದ್ದನ್ನು ಹುಳು ಕೊರೆಯಿತು. ಬೆಲೆ ಕುಸಿಯಿತು. ನನ್ನ ಗಂಡ ಮನೆಗೆ ಬಂದರು. ಆದರೆ ಮೊದಲಿನ ಆಳಾಗಲಿಲ್ಲ. ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಹರಿದ ದಾರ ಕಟ್ಟುವ ಕೆಲಸ ಅವರಿಂದಾಗದು ಎಂದು ಮಿಲ್ಲಿನವರು ಗೋಡೌನಿಗೆ ಹಾಕಿದರು. ಕೆಲಸ ಉಳಿದದ್ದೇ ಹೆಚ್ಚು.

ಅಷ್ಟಾದ ಮೇಲೂ ನಾವು ಟೊಮೇಟೊ ಬಿಡಲಿಲ್ಲ. ಯಾಕೆ ಎಂದು ಈಗಿನವರು ಕೇಳಿದರೆ ಏನು ಹೇಳುವುದು? ಹೊಸ ಹೆಂಚು ತಲೆಯ ಮೇಲಿತ್ತು, ಅದನ್ನು ಕೊಟ್ಟದ್ದು ಅದೇ ಹಣ್ಣು. ಮುಂದಿನ ಚಳಿಗಾಲಕ್ಕೆ ಅಕ್ಕ ಮತ್ತೆ ಬೀಜ ಚೆಲ್ಲಿ ಒಟ್ಲು ಹಾಕಿ ಪೈರು ಎಬ್ಬಿಸಿದರು. "ಆ ಬಾಟ್ಲಿ ಮಾತ್ರ ಹೊಸ್ತಿಲು ದಾಟ್ಬಾರ್ದು. ನಾನೂ ನೀನೂ ಕೈಯಲ್ಲೇ ಆರ್ಸಾಣ" ಎಂದರು.

ಹಾಗಾಗಿ ಆ ಚಳಿಗಾಲದ ಬೆಳಗುಗಳೆಲ್ಲ ಹುಳು ಆರಿಸುವುದರಲ್ಲಿ ಕಳೆದವು. ಬೆಳಕು ಹರಿಯುವಾಗ ಹುಳು ಕಾಯಿಯ ಮೇಲೆ ಇರುತ್ತದೆ, ಬಿಸಿಲೇರಿದರೆ ಒಳಗೆ ಸೇರಿಕೊಳ್ಳುತ್ತದೆ. ಸೊಂಟಕ್ಕೆ ಸೆರಗು ಬಿಗಿದು, ಒಂದು ಕೈಯಲ್ಲಿ ಸೀಮೆಎಣ್ಣೆ ಬೆರೆಸಿದ ನೀರಿನ ಡಬ್ಬ, ಇನ್ನೊಂದು ಕೈಯಲ್ಲಿ ಎಲೆ ಎತ್ತಿ ಎತ್ತಿ ನೋಡುವುದು. ಟೊಮೇಟೊ ಗಿಡ ನೆಲದ ಮೇಲೆ ಹಬ್ಬುವಂಥದು, ಆದ್ದರಿಂದ ನೆಟ್ಟಗೆ ನಿಲ್ಲುವಂತಿಲ್ಲ. ಇಬ್ಬನಿಗೆ ಕೈ ಮರಗಟ್ಟುತ್ತಿತ್ತು. ಒಂದು ಸಾಲು ಮುಗಿಸಿ ತಿರುಗಿ ನೋಡಿದರೆ ಹಿಂದಿನ ಸಾಲಿನಲ್ಲಿ ಮತ್ತೊಂದು ಹೊರಳುತ್ತಿರುವುದು. ನನ್ನ ಗಂಡ ಬರುತ್ತೇನೆ ಎಂದರೆ ಅಕ್ಕ ಬಿಡುತ್ತಿರಲಿಲ್ಲ. "ನೀನು ಮಿಲ್ಲಿಗೆ ಹೋಗಪ್ಪಾ, ಅಷ್ಟು ಮಾಡಿದ್ರೆ ಸಾಕು" ಎನ್ನುತ್ತಿದ್ದರು. ಮೊದಮೊದಲು ನಾವಿಬ್ಬರೂ ಮಾತಾಡುತ್ತಾ ಆರಿಸುತ್ತಿದ್ದೆವು. ಸಂಕ್ರಾಂತಿಯ ಹೊತ್ತಿಗೆ ಮಾತು ನಿಂತುಹೋಯಿತು. ಕಣ್ಣು ಮುಚ್ಚಿದರೂ ರೆಪ್ಪೆಯ ಒಳಗೆ ಹಸಿರು ಹುಳು ಹರಿಯುತ್ತಿತ್ತು.

ಹಣ್ಣು ಬಂತು. ಅರ್ಧಕ್ಕರ್ಧ ತೂತು ಬಿದ್ದದ್ದು. ಮಂಡಿಯ ದಲ್ಲಾಳಿ ಮಂಕರಿಯ ಮೇಲಿನ ನಾಲ್ಕು ಹಣ್ಣು ಮಗುಚಿ ನೋಡಿ, "ಇದನ್ನ ಹಸೂಗೆ ಹಾಕಮ್ಮಾ" ಎಂದನಂತೆ. ಹಾಗಾದರೆ ಮನೆ ಮನೆಗೇ ಒಯ್ಯೋಣವೆಂದು ನಾವಿಬ್ಬರೂ ಬುಟ್ಟಿ ಹೊತ್ತು ವಿಜಯನಗರದಲ್ಲಿ ಇಳಿದೆವು. ಅಡ್ಡರಸ್ತೆಗಳಲ್ಲಿ ಇನ್ನೂ ಜಲ್ಲಿ ರಾಶಿ, ಮರಳ ರಾಶಿ. ಒಂದು ಮನೆಗೆ ಗಾರೆಯಾಗಿದ್ದರೆ ಪಕ್ಕದ್ದಕ್ಕೆ ಇನ್ನೂ ತಳಪಾಯ. ಮೇಷ್ಟರ ಹೆಂಡತಿಯೊಬ್ಬರು ಬಾಗಿಲಿಗೆ ಬಂದು ಬುಟ್ಟಿಯ ಮುಂದೆ ಕೂತರು. ಒಳ್ಳೆಯ ಹೆಂಗಸು, ಕುಡಿಯಲು ನೀರು ಕೊಟ್ಟರು.

"ಹುಳ ಇದೆಯಲ್ಲಮ್ಮಾ ಇದ್ರಲ್ಲಿ" ಎಂದರು.

"ಔಷ್ದಿ ಹೊಡ್ದಿಲ್ಲ ಅಮ್ಮಾ, ಅದಕ್ಕೇ. ತೂತಿನ ಜಾಗ ಕೊಯ್ದು ಬಿಸಾಕಿದ್ರೆ ಮಿಕ್ಕಿದ್ದು ಚಿನ್ನ" ಎಂದರು ಅಕ್ಕ.

"ನಂಗೇನೋ ಸರಿ. ನಮ್ಮನೆಯವ್ರು ತಟ್ಟೇಲಿ ಹುಳ ಕಂಡ್ರೆ ಊಟಾನೇ ಬಿಟ್ಟು ಎದ್ಹೋಗ್ತಾರೆ. ನಾನೇನ್ಮಾಡ್ಲಿ ಹೇಳಿ?"

ನುಣುಪಾದ ಹಣ್ಣುಗಳನ್ನು ಆರಿಸಿಕೊಂಡು ಮಿಕ್ಕಿದ್ದನ್ನು ಬುಟ್ಟಿಗೆ ಬಿಟ್ಟರು. ಮುಂದಿನ ಮನೆಯಲ್ಲೂ ಹಾಗೇ. ಗೋವಿಂದರಾಜನಗರ ಮುಟ್ಟುವ ಹೊತ್ತಿಗೆ ಬುಟ್ಟಿಯಲ್ಲಿ ಉಳಿದದ್ದೆಲ್ಲ ತೂತಿನ ಹಣ್ಣೇ. ಯಾರದೋ ಕಾಂಪೌಂಡಿನ ನೆರಳಲ್ಲಿ ಕೂತೆವು. ಅಕ್ಕ ಒಂದು ಹಣ್ಣು ತೆಗೆದು, ತೂತಿನ ಭಾಗ ಉಗುರಿನಿಂದ ಕಿತ್ತೆಸೆದು, ಮಿಕ್ಕಿದ್ದನ್ನು ತಿಂದರು. ನನಗೂ ಒಂದು ಕೊಟ್ಟರು. ಬಾಯಾರಿತ್ತು, ಚೆನ್ನಾಗಿತ್ತು.

"ಅವ್ರೇನು ಕೆಟ್ಟೋರಲ್ಲ" ಎಂದರು ಅಕ್ಕ.

ಆದರೆ ಆ ಓಡಾಟದಲ್ಲಿ ಅವರಿಗೆ ಒಂದು ಸಂಗತಿ ಕಂಡಿತ್ತು. ನುಣುಪಾದ ಹಣ್ಣು ತೆಗೆದುಕೊಂಡ ಮನೆಯವರೆಲ್ಲ, "ನಾಳೆ ಬೀನ್ಸ್ ತರ್ತೀರಾ? ಕೊತ್ತಂಬರಿ ಇದೆಯಾ?" ಎಂದು ಕೇಳಿದ್ದರು. ಸ್ವಲ್ಪ ದಿನ ಯೋಚಿಸಿ, ಒಂದು ಬೆಳಗ್ಗೆ ಅಕ್ಕ ಹೊಲಕ್ಕೆ ಬರದೆ ನೇರ ಮಾರ್ಕೆಟ್ಟಿಗೆ ಹೋದರು. ಯಾರೋ ಬೆಳೆದ ಬೀನ್ಸು, ಯಾರೋ ಬೆಳೆದ ಟೊಮೇಟೊ ಕೊಂಡು ಬುಟ್ಟಿಗೆ ಹಾಕಿಕೊಂಡು ಆ ಅಡ್ಡರಸ್ತೆಗಳಲ್ಲೇ ಕೂಗುತ್ತಾ ಮಾರಿ ಬಂದರು. ಸಂಜೆ ಮನೆಗೆ ಬಂದವರು ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸಿದರು. ಆಮೇಲೆ ನಕ್ಕರು. ಚೆನ್ನಾಗಿರಲಿಲ್ಲ ಆ ನಗು.

"ನಾವಿಬ್ರೂ ಈ ಚಳೀಲಿ ಸೊಂಟ ಮುರ್ಕೊಂಡ್ವಲ್ಲಾ, ಅದೆಲ್ಲಾ ಸೇರಿದ್ರೂ ಇವತ್ತೊಂದು ದಿನದ್ದಕ್ಕೆ ಸಮ ಇಲ್ಲ ಕಣೇ."

"ಆ ಹಣ್ಣಿಗೆ ಔಷ್ದಿ ಹೊಡ್ದಿರ್ತಾರಲ್ಲ ಅಕ್ಕ" ಎಂದೆ.

"ಹೊಡ್ದಿರ್ತಾರೆ" ಎಂದರು. "ನಾನು ಹೊಡ್ದಿಲ್ಲ, ನಿನ್ನ ಗಂಡನೂ ಹೊಡ್ದಿಲ್ಲ. ಯಾರು ಹೊಡುದ್ರೋ ಅವ್ರ ಮನೇಲಿ ಯಾರು ಮಲಗವ್ರೋ ನಂಗೆ ಗೊತ್ತಿಲ್ಲ. ಗೊತ್ತಾಗೋದೂ ಬ್ಯಾಡ. ನಂಗೆ ಸುಸ್ತಾಗೈತೆ."

ನನಗೂ ಸುಸ್ತಾಗಿತ್ತು. ಹಣ್ಣನ್ನು ಗುಂಡಿಗೆ ಸುರಿದ ಅದೇ ಹೆಂಗಸು ಈ ಮಾತು ಆಡುತ್ತಿದ್ದಾರೆ ಎಂದು ಅನ್ನಿಸಿತು. ಆದರೆ ಅಂದು ಸುರಿದದ್ದೂ ಇಂದು ಆಡಿದ್ದೂ ಎರಡೂ ನಿಜವೇ ಆಗಿದ್ದವು. ಒಬ್ಬ ಮನುಷ್ಯನ ಕೈಯಲ್ಲಿ ಎಷ್ಟಾಗುತ್ತದೆಯೋ ಅಷ್ಟನ್ನು ಅವರು ಮಾಡಿ ಮುಗಿಸಿದ್ದರು.

ಗಿಡಗಳನ್ನು ನಾನೂ ನನ್ನ ಗಂಡನೂ ಕಿತ್ತು ಬದುವಿನ ಮೇಲೆ ಒಣಹಾಕಿದೆವು. ಮಳೆ ಬಿದ್ದ ಮೇಲೆ ರಾಗಿ ಬಿತ್ತಿದೆವು, ನಡುವೆ ಅವರೆ. ರಾಗಿಯಿಂದ ಯಾರ ಮನೆಗೂ ಹೆಂಚು ಬರುವುದಿಲ್ಲ. ಆದರೆ ಹೊತ್ತು ಹುಟ್ಟುವ ಮುಂಚೆ ಎದ್ದು ಅದರ ಎಲೆ ಎತ್ತಿ ನೋಡಬೇಕಾಗಿಲ್ಲ. ಬಿತ್ತನೆ ಮುಗಿದ ಮರುದಿನ ನಾನು ಎದ್ದಾಗ ಬಿಸಿಲು ಜಗಲಿಗೆ ಬಂದಿತ್ತು. ನನ್ನ ಗಂಡ ತಾವೇ ಸ್ಟೋವ್ ಹಚ್ಚಿ ಕಾಫಿ ಕಾಯಿಸಿ, ನಡುಗುವ ಕೈಯಲ್ಲಿ ಅರ್ಧ ಚೆಲ್ಲಿ, ಅರ್ಧ ಲೋಟ ನನ್ನ ಪಕ್ಕದಲ್ಲಿಟ್ಟು ಮಿಲ್ಲಿಗೆ ಹೋಗಿದ್ದರು. ಅಕ್ಕ ಮೊದಲ ಬಸ್ಸಿಗೇ ಹೊರಟಿದ್ದರು. ಕಾಫಿ ಆರಿತ್ತು. ಕೂತುಕೊಂಡೇ ಕುಡಿದೆ.

ಅಕ್ಕ ಆಮೇಲೆ ಬಹಳ ವರ್ಷ ಆ ರಸ್ತೆಗಳಲ್ಲಿ ತರಕಾರಿ ಮಾರಿದರು. ಬುಟ್ಟಿ ಹೋಗಿ ತಳ್ಳುಗಾಡಿ ಬಂತು. ಮನೆಗಳೆಲ್ಲ ಅವರಿಗೆ ಗೊತ್ತು, ಯಾರಿಗೆ ಏನು ಬೇಕೆಂಬುದೂ ಗೊತ್ತು. ಟೊಮೇಟೊ ಕೊಳ್ಳುವವರಿಗೆಲ್ಲ, "ಬಿಸಿನೀರಲ್ಲಿ ತೊಳ್ಕೊಳಿ ಅಮ್ಮಾ" ಎಂದು ಹೇಳುತ್ತಿದ್ದರು. ಕೇಳಿಸಿಕೊಂಡವರು ಕೇಳಿಸಿಕೊಂಡರು. ನಮ್ಮ ಮನೆಯಲ್ಲಿ ಮಾತ್ರ ಸಾರಿಗೆ ಹುಣಸೆಹಣ್ಣೇ.